ಆಫೀಸಿನ ಫೋನ್ ಸಿಸ್ಟಮ್‌ಗೆ ಇಂಟರ್ನೆಟ್ ಲೈನ್: ರಿಜಿಸ್ಟರ್ ಆದ ಮೇಲೆ ಶುರುವಾಗುವ ಕೆಲಸ

ಟ್ರಂಕ್, ಅಂದರೆ ಆಫೀಸಿನ ಫೋನ್ ಸಿಸ್ಟಮ್‌ನಿಂದ (ಪಿಬಿಎಕ್ಸ್) ಇಂಟರ್ನೆಟ್ ಮೂಲಕ ಫೋನ್ ಸೇವೆ ಕೊಡುವ ಕಂಪನಿಗೆ (ಪ್ರೊವೈಡರ್) ಇರುವ ಸಂಪರ್ಕ, ರಿಜಿಸ್ಟರ್ ಆಗಿದೆ, ಪರದೆಯಲ್ಲಿ ಹಸಿರು ಗುರುತು ಬಂದಿದೆ. ಮೊಬೈಲ್ ತೆಗೆದು ಆಫೀಸಿನ ನಂಬರಿಗೆ ಕರೆ ಮಾಡುತ್ತೀರಿ. ರಿಂಗ್ ಆಗುತ್ತದೆ, ಯಾರೋ ಎತ್ತುತ್ತಾರೆ, ಆಮೇಲೆ ಪೂರ್ತಿ ಮೌನ. ಇಲ್ಲವೇ ನಿಮ್ಮ ಮಾತು ಅವರಿಗೆ ಕೇಳುತ್ತದೆ, ಅವರದ್ದು ನಿಮಗೆ ಕೇಳುವುದಿಲ್ಲ. ಇಂಟರ್ನೆಟ್ ಫೋನ್ ಲೈನ್ ಹಾಕುವವರು ಮೊದಲ ದಿನ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಪಾಸ್‌ವರ್ಡ್ ಮತ್ತೆ ಮತ್ತೆ ಹಾಕಿ ನೋಡುತ್ತಾರೆ, ಟ್ರಂಕ್ ಅಳಿಸಿ ಹೊಸದಾಗಿ ಮಾಡುತ್ತಾರೆ, ಸಂಜೆಯವರೆಗೂ ಅದೇ ಪರದೆಯ ಮುಂದೆ ಕೂತಿರುತ್ತಾರೆ. ತಪ್ಪು ಅಲ್ಲಿ ಇರುವುದೇ ಇಲ್ಲ.

ಈ ಲೈನಿನಲ್ಲಿ ಕರೆ ಬರುವ ದಾರಿ ಬೇರೆ, ಮಾತು ಬರುವ ದಾರಿ ಬೇರೆ. ಹಳೆಯ ತಾಮ್ರದ ತಂತಿಯಲ್ಲಿ ರಿಂಗ್ ಬರುತ್ತಿದ್ದದ್ದೂ ಮಾತು ಹೋಗುತ್ತಿದ್ದದ್ದೂ ಅದೇ ಎರಡು ಎಳೆಗಳಲ್ಲಿ. ಇಂಟರ್ನೆಟ್ ಲೈನ್ ಬಳಸುವ ಸಿಪ್ ಹಾಗಲ್ಲ. ಸಿಪ್ ಅನ್ನುವುದು ಬರೀ ಚೀಟಿ ಕಳಿಸುವ ಕೆಲಸ: ಯಾರು ಕರೆಯುತ್ತಿದ್ದಾರೆ, ಯಾರನ್ನು, ನನಗೆ ಯಾವ ಯಾವ ಕೋಡೆಕ್ (ಧ್ವನಿಯನ್ನು ಡೇಟಾ ಮಾಡುವ ವಿಧಾನ) ಗೊತ್ತು, ಮಾತನ್ನು ಯಾವ ಐಪಿ ವಿಳಾಸದ ಯಾವ ಪೋರ್ಟಿಗೆ (ಆ ವಿಳಾಸದ ಯಾವ ನಂಬರಿನ ಬಾಗಿಲಿಗೆ) ಕಳಿಸಬೇಕು. ಈ ಚೀಟಿಗಳು ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ ಓಡಾಡುತ್ತವೆ, ಟಿಎಲ್‌ಎಸ್ ಗೂಢಲಿಪಿ ಹಾಕಿದ್ದರೆ 5061ರಲ್ಲಿ. ಮಾತು ಮಾತ್ರ ಆರ್‌ಟಿಪಿ ಅನ್ನುವ ಬೇರೆ ಪ್ಯಾಕೆಟ್‌ಗಳಲ್ಲಿ, ಬೇರೆ ಪೋರ್ಟುಗಳಲ್ಲಿ, ಎಷ್ಟೋ ಸಲ ಪ್ರೊವೈಡರ್‌ನವರ ಬೇರೆಯದೇ ಸರ್ವರಿನಿಂದ ಬರುತ್ತದೆ. ರಿಜಿಸ್ಟರ್ ಆಯಿತು ಅಂದರೆ ಚೀಟಿ ತಲುಪುತ್ತಿದೆ, ಅಷ್ಟೇ. ಮಾತಿನ ದಾರಿ ತೆರೆದಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಇದೊಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ ಮುಂದಿನದೆಲ್ಲ ಸಲೀಸು.

ಮೆನುಗಳ ಹೆಸರು ಹೇಳುವಾಗ ನಾನು ಆಸ್ಟರಿಸ್ಕ್ ಅನ್ನುವ ಪಿಬಿಎಕ್ಸ್ ಸಾಫ್ಟ್‌ವೇರ್ ಮೇಲೆ ಓಡುವ ಫ್ರೀಪಿಬಿಎಕ್ಸ್ ಅನ್ನೇ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಅದು ಉಚಿತ, ಯಾರು ಬೇಕಾದರೂ ಹಾಕಿ ನೋಡಬಹುದು. ನಿಮ್ಮದು ಬೇರೆ ಸಿಸ್ಟಮ್ ಆಗಿದ್ದರೆ ಹೆಸರು ಬದಲಾಗುತ್ತದೆ, ಕೆಲಸ ಅದೇ.

ಎಷ್ಟು ಚಾನೆಲ್ ಬೇಕು, ಎಷ್ಟು ಇಂಟರ್ನೆಟ್ ಬೇಕು

ಟ್ರಂಕ್, ನಂಬರ್, ಚಾನೆಲ್ ಮೂರೂ ಬೇರೆ ಬೇರೆ. ಟ್ರಂಕ್ ಅಂದರೆ ನಿಮ್ಮ ಪಿಬಿಎಕ್ಸ್‌ಗೂ ಪ್ರೊವೈಡರ್‌ಗೂ ನಡುವಿನ ಸಂಪರ್ಕ. ಒಂದೇ ಟ್ರಂಕ್‌ನಲ್ಲಿ ನೂರು ನಂಬರ್ ಇರಬಹುದು. ಚಾನೆಲ್ ಅಂದರೆ ಒಂದೇ ಹೊತ್ತಿನಲ್ಲಿ ಎಷ್ಟು ಕರೆ ನಡೆಯಬಹುದು ಅನ್ನುವುದು. ಆಫೀಸಿನಲ್ಲಿ 40 ಜನ ಇದ್ದಾರೆ ಅಂತ 40 ಚಾನೆಲ್ ಬೇಕಿಲ್ಲ. ಹಳೆಯ ಸಿಸ್ಟಮ್‌ನ ಕಾಲ್ ರೆಕಾರ್ಡ್ ತೆಗೆದು, ಅತಿ ಗಡಿಬಿಡಿಯ ಗಂಟೆಯಲ್ಲಿ ಒಟ್ಟಿಗೆ ಎಷ್ಟು ಕರೆ ಇತ್ತು ಅಂತ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ. ಹಳೆಯದು ಇ1 ಪಿಆರ್‌ಐ ಅನ್ನುವ ಡಿಜಿಟಲ್ ಲೈನ್ ಆಗಿದ್ದರೆ ಅದರಲ್ಲಿ ಮಾತಿಗೆ 30 ಚಾನೆಲ್ ಇರುತ್ತದೆ, ಆದರೆ ಅಷ್ಟೂ ಬಳಕೆಯಾಗುತ್ತಿತ್ತಾ ಅಂತ ಮೊದಲು ನೋಡಿಕೊಳ್ಳಿ.

ಈ ಲೆಕ್ಕದಲ್ಲಿ ಬಹಳ ಜನ ಮರೆಯುವುದು ಫಾರ್ವರ್ಡ್ ಕರೆಗಳನ್ನು. ಹೊರಗಿನಿಂದ ಬಂದ ಕರೆಯನ್ನು ನಿಮ್ಮ ಪಿಬಿಎಕ್ಸ್ ಯಾರದ್ದೋ ಮೊಬೈಲಿಗೆ ತಿರುಗಿಸಿದರೆ ಅದು ಎರಡು ಚಾನೆಲ್ ತಿನ್ನುತ್ತದೆ, ಒಳಗೆ ಬರುವುದಕ್ಕೆ ಒಂದು, ಹೊರಗೆ ಹೋಗುವುದಕ್ಕೆ ಒಂದು. ಸೇಲ್ಸ್‌ನವರೆಲ್ಲ ಮೊಬೈಲಿಗೆ ಫಾರ್ವರ್ಡ್ ಹಾಕಿಕೊಂಡು ಹೊರಗಡೆ ಇರುವ ಆಫೀಸಾದರೆ ಲೆಕ್ಕ ದುಪ್ಪಟ್ಟು ಮಾಡಿ.

ಇಂಟರ್ನೆಟ್ ಎಷ್ಟು ಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಜಿ.711 ಕೋಡೆಕ್‌ನಲ್ಲಿ ಮಾತು 64 ಕೆಬಿಪಿಎಸ್. ಅದನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತಾರೆ. ಒಂದೊಂದರಲ್ಲೂ 160 ಬೈಟ್ ಮಾತು, ಜೊತೆಗೆ 40 ಬೈಟ್ ಹೆಡರ್. ಅಲ್ಲಿಗೆ 80 ಕೆಬಿಪಿಎಸ್ ಆಯಿತು, ಈಥರ್ನೆಟ್‌ನದ್ದೂ ಸೇರಿಸಿದರೆ ಸುಮಾರು 87. ಒಂದು ಕರೆಗೆ 100 ಅಂತ ಇಟ್ಟುಕೊಳ್ಳಿ, ಹೋಗುವುದಕ್ಕೂ ಅಷ್ಟು, ಬರುವುದಕ್ಕೂ ಅಷ್ಟು. ಹತ್ತು ಕರೆಗೆ ಎರಡೂ ಕಡೆಗೆ ಒಂದೊಂದು ಎಂಬಿಪಿಎಸ್. ಈಗಿನ ಕನೆಕ್ಷನ್‌ಗಳಿಗೆ ಇದು ಏನೂ ಅಲ್ಲ ಅಲ್ವಾ? ಹಾಗಾದರೆ ಮಾತು ಯಾಕೆ ಕಿತ್ತು ಕಿತ್ತು ಬರುತ್ತದೆ?

ಯಾಕೆಂದರೆ ಮಾತಿಗೆ ಬೇಕಾದ್ದು ವೇಗ ಅಲ್ಲ, ಹದ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಜಿ.114 ಶಿಫಾರಸಿನ ಪ್ರಕಾರ ಒಂದು ಕಡೆಗೆ 150 ಮಿಲಿಸೆಕೆಂಡಿನ ಒಳಗೆ ಮಾತು ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ. ಅದಕ್ಕಿಂತ ತುಂಬ ಜಾಸ್ತಿಯಾದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡಲು ಶುರುಮಾಡುತ್ತಾರೆ. ಯಾರೋ ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡಿದರೆ ಸಾಕು, ಪ್ಯಾಕೆಟ್‌ಗಳು ಮೋಡೆಮ್‌ನ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಅದೇ ಸಾಲಿನಲ್ಲಿ ನಿಮ್ಮ ಮಾತೂ ನಿಲ್ಲುತ್ತದೆ. ಪರಿಹಾರ ರೂಟರಿನಲ್ಲಿ ಇದೆ: ಕ್ಯೂಒಎಸ್ (ಯಾವ ಪ್ಯಾಕೆಟ್ ಮೊದಲು ಅನ್ನುವ ವ್ಯವಸ್ಥೆ) ಹಾಕಿ, ಮಾತಿಗೆ ಹಾಕುವ ಡಿಎಸ್‌ಸಿಪಿ 46 ಗುರುತಿರುವ ಪ್ಯಾಕೆಟ್‌ಗಳನ್ನು ಮುಂದೆ ಬಿಡಲು ಹೇಳಿ, ಒಟ್ಟು ಅಪ್‌ಲೋಡ್ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಇಡಿ. ಕೊನೆಯದು ಬಹಳ ಮುಖ್ಯ. ಸಾಲು ನಿಮ್ಮ ರೂಟರಿನಲ್ಲಿ ಆದರೆ ಮಾತನ್ನು ಮುಂದೆ ಕಳಿಸುವುದು ನಿಮ್ಮ ಕೈಯಲ್ಲಿರುತ್ತದೆ. ಮೋಡೆಮ್‌ನಲ್ಲಿ ಆದರೆ ನಿಮಗೆ ಮಾಡಲು ಏನೂ ಉಳಿಯುವುದಿಲ್ಲ.

ಹಳೆಯ ಪಿಬಿಎಕ್ಸ್‌ಗೆ ಸಿಪ್ ಗೊತ್ತೇ ಇಲ್ಲದಿದ್ದರೆ ಅದನ್ನು ಎಸೆಯಬೇಕಾಗಿಲ್ಲ, ನಡುವೆ ಸಿಪ್ ಅನ್ನು ಹಳೆಯ ಥರದ ಲೈನಿಗೆ ಬದಲಿಸುವ ಗೇಟ್‌ವೇ ಪೆಟ್ಟಿಗೆ ಇಡಬಹುದು. ಹಳೆಯದರಲ್ಲಿ ಪಿಆರ್‌ಐ ಪೋರ್ಟ್ ಇದ್ದರೆ ಪಿಆರ್‌ಐ ಗೇಟ್‌ವೇ. ಬರೀ ಅನಲಾಗ್ ಲೈನ್ ಪೋರ್ಟುಗಳಿದ್ದರೆ ಎಫ್‌ಎಕ್ಸ್‌ಎಸ್ ಪೋರ್ಟುಗಳ ಗೇಟ್‌ವೇ. ಇಲ್ಲಿ ಎಫ್‌ಎಕ್ಸ್‌ಎಸ್, ಎಫ್‌ಎಕ್ಸ್‌ಒ ಅದಲುಬದಲು ಮಾಡಿ ತಪ್ಪು ಪೆಟ್ಟಿಗೆ ತರುವವರು ಜಾಸ್ತಿ. ಡಯಲ್ ಟೋನ್ ಕೊಡುವುದು ಎಫ್‌ಎಕ್ಸ್‌ಎಸ್, ತೆಗೆದುಕೊಳ್ಳುವುದು ಎಫ್‌ಎಕ್ಸ್‌ಒ. ನಿಮ್ಮ ಪಿಬಿಎಕ್ಸ್‌ನ ಲೈನ್ ಪೋರ್ಟ್ ಟೋನ್ ತೆಗೆದುಕೊಳ್ಳುತ್ತದೆ, ಹಾಗಾಗಿ ಗೇಟ್‌ವೇ ಕೊಡುವಂಥದ್ದಾಗಿರಬೇಕು.

ಪ್ರೊವೈಡರ್ ಹತ್ತಿರ ಬರೆಸಿಕೊಳ್ಳಬೇಕಾದದ್ದು

ಯೂಸರ್‌ನೇಮ್, ಪಾಸ್‌ವರ್ಡ್, ಸರ್ವರ್ ಹೆಸರು ಇಷ್ಟನ್ನು ಅವರೇ ಕೊಡುತ್ತಾರೆ. ಸಾಲದು. ಫೋನಿನಲ್ಲಿ ಕೇಳಿ ಚೀಟಿಯ ಮೇಲೆ ಗೀಚಿಕೊಳ್ಳುವ ಬದಲು ಇಮೇಲ್‌ನಲ್ಲಿ ತರಿಸಿಕೊಳ್ಳಿ, ಮುಂದೆ ಜಗಳ ಬಂದಾಗ ಬೇಕಾಗುತ್ತದೆ. ರಿಜಿಸ್ಟರ್ ಆಗಬೇಕೋ ಅಥವಾ ನಮ್ಮ ಐಪಿ ವಿಳಾಸ ನೋಡಿಯೇ ಒಳಗೆ ಬಿಡುತ್ತಾರೋ? ಐಪಿ ನೋಡಿ ಬಿಡುವುದಾದರೆ ನಿಮಗೆ ಬದಲಾಗದ ಸ್ಟ್ಯಾಟಿಕ್ ಐಪಿ ಬೇಕೇ ಬೇಕು. ಯೂಸರ್‌ನೇಮ್ ಬೇರೆ, ಆಥ್ ಯೂಸರ್‌ನೇಮ್ ಬೇರೆ ಇದೆಯೋ? ಚೀಟಿ ಬರುವ ಐಪಿಗಳು ಯಾವುವು, ಮಾತು ಬರುವ ಐಪಿಗಳು ಯಾವುವು? ಈ ಎರಡನೆಯದನ್ನು ನೀವಾಗಿ ಕೇಳದಿದ್ದರೆ ಹೆಚ್ಚಿನವರು ಹೇಳುವುದಿಲ್ಲ, ಫೈರ್‌ವಾಲ್‌ಗೆ ಬೇಕಾಗುವುದು ಅದೇ. ಯಾವ ಕೋಡೆಕ್, ಯಾವ ಡಿಟಿಎಂಎಫ್ (ಕರೆಯ ನಡುವೆ ಒತ್ತಿದ ಅಂಕಿ ತಲುಪಿಸುವ) ವಿಧಾನ? ಹೊರಗೆ ಹೋಗುವ ನಂಬರನ್ನು ಪ್ಲಸ್ ಗುರುತಿನ ಜೊತೆ ಕಳಿಸಬೇಕೋ, ಬರೀ ದೇಶದ ಕೋಡ್ ಜೊತೆಯೋ, ಅದೂ ಇಲ್ಲದೆಯೋ? ಒಳಗೆ ಬರುವಾಗ ಅವರು ಹೇಗೆ ಕಳಿಸುತ್ತಾರೆ? ಎರಡೂ ಒಂದೇ ಥರ ಇರಬೇಕೆಂದೇನಿಲ್ಲ. ಬೇರೆ ದೇಶಗಳಿಗೆ ಕರೆ ಮೊದಲಿಂದಲೇ ತೆರೆದಿರುತ್ತದೆಯೋ? ದಿನಕ್ಕೆ ಇಷ್ಟೇ ಖರ್ಚು ಅಂತ ಮಿತಿ ಹಾಕಿಸಬಹುದೋ? ತುರ್ತು ಸೇವೆಯ ಕರೆ ಹೋಗುತ್ತದೆಯೋ, ಹೋದರೆ ಯಾವ ವಿಳಾಸ ತೋರಿಸುತ್ತದೆ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಂತಿ ಲೈನ್ ಒಂದು ಕಟ್ಟಡಕ್ಕೆ ಕಟ್ಟಿಹಾಕಿದ್ದು, ಇಂಟರ್ನೆಟ್ ಲೈನ್ ಹಾಗಲ್ಲ. ಬೇರೆ ಊರಿನ ಬ್ರಾಂಚ್‌ನಲ್ಲಿ ಕೂತವರು ಇದೇ ಪಿಬಿಎಕ್ಸ್ ಮೂಲಕ ತುರ್ತು ಕರೆ ಮಾಡಿದರೆ ಸಹಾಯ ನಿಮ್ಮ ಮುಖ್ಯ ಆಫೀಸಿಗೆ ಹೊರಡಬಹುದು.

ರೂಟರ್ ಮತ್ತು ನ್ಯಾಟ್: ಅರ್ಧಕ್ಕರ್ಧ ತೊಂದರೆ ಇಲ್ಲೇ

ಮೊದಲು ರೂಟರಿಗೆ ಹೋಗಿ ಸಿಪ್ ಎಎಲ್‌ಜಿ ಅನ್ನುವುದನ್ನು ಹುಡುಕಿ ಆಫ್ ಮಾಡಿ. ಸಿಪ್‌ಗೆ ಸಹಾಯ ಮಾಡಲಿ ಅಂತಲೇ ಇಟ್ಟಿರುವ ವ್ಯವಸ್ಥೆ ಅದು. ಚೀಟಿಯನ್ನು ದಾರಿಯಲ್ಲೇ ಬಿಚ್ಚಿ ಒಳಗಿನ ವಿಳಾಸ ತಿದ್ದಿ ಮುಂದೆ ಕಳಿಸುತ್ತದೆ. ಎಷ್ಟೋ ರೂಟರ್‌ಗಳಲ್ಲಿ ತಿದ್ದುವುದೇ ತಪ್ಪಾಗಿರುತ್ತದೆ, ಅಥವಾ ಪಿಬಿಎಕ್ಸ್ ಆಗಲೇ ಸರಿಯಾಗಿ ತಿದ್ದಿ ಕಳಿಸಿದ್ದನ್ನು ಇದು ಮತ್ತೆ ಕೆಡಿಸುತ್ತದೆ. ಆಫ್ ಮಾಡಿದ ಮೇಲೆ ರೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಈಗ ನ್ಯಾಟ್, ಅಂದರೆ ಒಳಗಿನ ಎಲ್ಲ ಯಂತ್ರಗಳೂ ಒಂದೇ ಹೊರಗಿನ ಐಪಿ ಹಂಚಿಕೊಳ್ಳುವಂತೆ ರೂಟರ್ ವಿಳಾಸ ಬದಲಿಸುವುದು. ನಿಮ್ಮ ಪಿಬಿಎಕ್ಸ್‌ಗೆ ಆಫೀಸಿನ ಒಳಗೆ 192.168 ಅಥವಾ 10 ಇಂದ ಶುರುವಾಗುವ ವಿಳಾಸ ಇರುತ್ತದೆ. ಆ ವಿಳಾಸಕ್ಕೆ ಹೊರಗಿನ ಲೋಕದಲ್ಲಿ ಬೆಲೆ ಇಲ್ಲ. ಪಿಬಿಎಕ್ಸ್ ಚೀಟಿಯಲ್ಲಿ "ಮಾತನ್ನು 192.168.1.10ಕ್ಕೆ ಕಳಿಸಿ" ಅಂತ ಬರೆದರೆ ಪ್ರೊವೈಡರ್ ಎಲ್ಲಿಗೆ ಕಳಿಸಬೇಕು? ಮೌನದ ಕರೆಯ ಗುಟ್ಟು ಇದು. ಆದ್ದರಿಂದ ಪಿಬಿಎಕ್ಸ್‌ಗೆ ಎರಡು ವಿಷಯ ತಿಳಿಸಬೇಕು: ನಮ್ಮ ಹೊರಗಿನ ಐಪಿ ಇದು, ನಮ್ಮ ಒಳಗಿನ ನೆಟ್‌ವರ್ಕ್‌ಗಳು ಇವು. ಫ್ರೀಪಿಬಿಎಕ್ಸ್‌ನಲ್ಲಿ ಸೆಟ್ಟಿಂಗ್ಸ್ ಕೆಳಗೆ ಆಸ್ಟರಿಸ್ಕ್ ಸಿಪ್ ಸೆಟ್ಟಿಂಗ್ಸ್ ಅನ್ನುವ ಪುಟದಲ್ಲಿ ಇದೆ, ಡಿಟೆಕ್ಟ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಗುಂಡಿ ಒತ್ತಿದರೆ ಅದೇ ತುಂಬಿಕೊಳ್ಳುತ್ತದೆ. ಅಷ್ಟಕ್ಕೇ ಬಿಟ್ಟುಬಿಡಬೇಡಿ. ಫೋನುಗಳಿಗೆ ಬೇರೆ ವಿಎಲ್ಎಎನ್ (ಅದೇ ತಂತಿಗಳಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಇದ್ದರೆ, ವಿಪಿಎನ್ ಮೂಲಕ ಬ್ರಾಂಚ್ ಸೇರಿಕೊಂಡಿದ್ದರೆ ಆ ನೆಟ್‌ವರ್ಕ್‌ಗಳನ್ನೂ ಒಳಗಿನ ಪಟ್ಟಿಗೆ ಕೈಯಾರೆ ಸೇರಿಸಿ. ಸೇರಿಸದಿದ್ದರೆ ಪಿಬಿಎಕ್ಸ್ ಅವರನ್ನು ಹೊರಗಿನವರು ಅಂತ ತಿಳಿದು ಹೊರಗಿನ ಐಪಿ ಕೊಡುತ್ತದೆ, ಬ್ರಾಂಚ್‌ನವರಿಗೆ ಮಾತ್ರ ಮಾತು ಕೇಳುವುದಿಲ್ಲ, ನೀವು ಎರಡು ದಿನ ವಿಪಿಎನ್ ಅನ್ನು ಬೈಯುತ್ತಿರುತ್ತೀರಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಪ್ರೊವೈಡರ್‌ಗಳು ಚೀಟಿಯಲ್ಲಿ ಬರೆದ ವಿಳಾಸ ನೋಡುವುದೇ ಇಲ್ಲ, ನಿಮ್ಮ ಮಾತು ಎಲ್ಲಿಂದ ಬಂತೋ ಅಲ್ಲಿಗೇ ತಿರುಗಿ ಕಳಿಸುತ್ತಾರೆ. ಹಾಗಾಗಿ ತಪ್ಪು ಸೆಟ್ಟಿಂಗ್ ಇದ್ದರೂ ಅವರ ಹತ್ತಿರ ನಡೆದುಹೋಗುತ್ತದೆ. ಪ್ರೊವೈಡರ್ ಬದಲಿಸಿದ ದಿನ ಕೆಡುತ್ತದೆ. "ಹಿಂದಿನವರ ಹತ್ತಿರ ಸರಿಯಾಗಿತ್ತು" ಅನ್ನುವುದು ನಮ್ಮ ಕಡೆ ಸರಿಯಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ.

ಪೋರ್ಟ್ ತೆರೆಯುವ ವಿಷಯಕ್ಕೆ ಬಂದರೆ, ರಿಜಿಸ್ಟರ್ ಆಗುವ ಟ್ರಂಕ್ ಆದರೆ 5060 ಅನ್ನು ಹೊರಗಿನಿಂದ ತೆರೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನಿಮ್ಮ ಪಿಬಿಎಕ್ಸ್ ತಾನೇ ಹೊರಗೆ ಹೋಗಿ ಬಾಗಿಲು ತೆರೆದಿಟ್ಟಿರುತ್ತದೆ. ಆ ಬಾಗಿಲು ಮುಚ್ಚಿಕೊಳ್ಳದಂತೆ ನಿಮಿಷಕ್ಕೊಮ್ಮೆಯೋ ಅದಕ್ಕಿಂತ ಬೇಗವೋ ತಟ್ಟುತ್ತಿರಬೇಕು, ಟ್ರಂಕ್‌ನಲ್ಲಿ ಕ್ವಾಲಿಫೈ ಅನ್ನುವ ಸೆಟ್ಟಿಂಗ್ ಮಾಡುವುದು ಅದನ್ನೇ. ರಿಜಿಸ್ಟ್ರೇಷನ್ 3600 ಸೆಕೆಂಡಿಗೊಮ್ಮೆ ಆದರೆ ಸಾಕು ಅಂತ ಬಿಟ್ಟರೆ ಬಾಗಿಲು ಅದಕ್ಕೂ ಎಷ್ಟೋ ಮುಂಚೆ ಮುಚ್ಚಿರುತ್ತದೆ. ಹೊರಗೆ ಕರೆ ಹೋಗುತ್ತದೆ, ಒಳಗೆ ಬರುವುದು ಮಾತ್ರ ಆಗೊಮ್ಮೆ ಈಗೊಮ್ಮೆ ಅನ್ನುವ ದೂರಿಗೆ ಇದೇ ಕಾರಣ. ಆರ್‌ಟಿಪಿ ಪೋರ್ಟುಗಳು ಆಸ್ಟರಿಸ್ಕ್‌ನಲ್ಲಿ 10000ದಿಂದ 20000, ಯುಡಿಪಿ. ತೆರೆಯಲೇಬೇಕಾದರೆ ಪ್ರೊವೈಡರ್ ಕೊಟ್ಟ ಐಪಿಗಳಿಗೆ ಮಾತ್ರ ತೆರೆಯಿರಿ, ಇಡೀ ಲೋಕಕ್ಕಲ್ಲ.

ಪಿಬಿಎಕ್ಸ್‌ನಲ್ಲಿ ಟ್ರಂಕ್

ಅಂತರ್ಜಾಲದಲ್ಲಿ ಸಿಗುವ ಹಳೆಯ ಮಾಹಿತಿ ನೋಡಿ ಮಾಡುವವರಿಗೆ ಒಂದು ಎಚ್ಚರಿಕೆ. ಆಸ್ಟರಿಸ್ಕ್‌ನಲ್ಲಿ ಸಿಪ್ ಕೆಲಸ ನೋಡಿಕೊಳ್ಳಲು ಮೊದಲು ಚಾನ್‌ಸಿಪ್ ಅನ್ನುವುದಿತ್ತು, 2013ರಲ್ಲಿ ಬಂದ 12ನೇ ಆವೃತ್ತಿಯಿಂದ ಪಿಜೆಸಿಪ್ ಬಂತು, 21ನೇ ಆವೃತ್ತಿಯಲ್ಲಿ ಚಾನ್‌ಸಿಪ್ ಅನ್ನು ತೆಗೆದೇಹಾಕಿದರು. ಪೀರ್, ಇನ್‌ಸೆಕ್ಯೂರ್ ಅಂತೆಲ್ಲ ಸಾಲು ಸಾಲಾಗಿ ಬರೆಯಲು ಹೇಳುವ ಲೇಖನಗಳು ಚಾನ್‌ಸಿಪ್ ಕಾಲದವು. ಹೊಸದಾಗಿ ಮಾಡುವವರು ಪಿಜೆಸಿಪ್ ಟ್ರಂಕ್ ಆರಿಸಿಕೊಳ್ಳಿ.

ಕನೆಕ್ಟಿವಿಟಿಯಲ್ಲಿ ಟ್ರಂಕ್ಸ್‌ಗೆ ಹೋಗಿ ಹೊಸದು ಸೇರಿಸಿ. ಯೂಸರ್‌ನೇಮ್, ಸೀಕ್ರೆಟ್, ಸಿಪ್ ಸರ್ವರ್, ಪೋರ್ಟ್ ಇವು ಗೊತ್ತಿದ್ದದ್ದೇ. ರಿಜಿಸ್ಟ್ರೇಷನ್ ಜಾಗದಲ್ಲಿ ಸೆಂಡ್. ಆಥೆಂಟಿಕೇಷನ್ ಜಾಗದಲ್ಲಿ ಔಟ್‌ಬೌಂಡ್ ಅಂತಲೇ ಇರಲಿ. ಸುಮ್ನೆ ಇರಲಿ ಅಂತ ಬೋತ್ ಆರಿಸಿದರೆ, ಪ್ರೊವೈಡರ್ ನಿಮಗೆ ಕರೆ ಕಳಿಸಿದಾಗ ನಿಮ್ಮ ಪಿಬಿಎಕ್ಸ್ ಅವರ ಹತ್ತಿರ ಪಾಸ್‌ವರ್ಡ್ ಕೇಳುತ್ತದೆ, ಅವರು ಕೊಡುವುದಿಲ್ಲ, ಕರೆ ಬಿದ್ದುಹೋಗುತ್ತದೆ. ಕಾಂಟೆಕ್ಸ್ಟ್ ಅನ್ನುವ ಜಾಗದಲ್ಲಿ ಫ್ರಮ್-ಪಿಎಸ್‌ಟಿಎನ್ ಇರಬೇಕು. ಏನೋ ಕೆಲಸ ಮಾಡುತ್ತಿಲ್ಲ ಅಂತ ಅದನ್ನು ಫ್ರಮ್-ಇಂಟರ್ನಲ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಾಗೆ ಮಾಡಿದರೆ ಹೊರಗಿನಿಂದ ಬಂದ ಕರೆಗೆ ಆಫೀಸಿನ ಒಳಗೆ ಕೂತವರಿಗಿರುವ ಎಲ್ಲ ಅಧಿಕಾರ ಸಿಗುತ್ತದೆ, ನಿಮ್ಮ ಲೈನಿನಿಂದಲೇ ಅವರು ಬೇರೆ ಕಡೆಗೆ ಕರೆ ಮಾಡಬಹುದು. ಪ್ರೊವೈಡರ್ ಕರೆಗಳನ್ನು ಬೇರೆ ಬೇರೆ ಐಪಿಗಳಿಂದ ಕಳಿಸುವುದಾದರೆ ಅವನ್ನೆಲ್ಲ ಮ್ಯಾಚ್ ಅನ್ನುವ ಜಾಗದಲ್ಲಿ ಬರೆಯಿರಿ.

ಕೋಡೆಕ್‌ನಲ್ಲಿ ಆಸೆ ಬೇಡ. ಜಿ.711 ಸಾಕು. ಅದರಲ್ಲಿ ಎರಡು ಬಗೆ: ಉತ್ತರ ಅಮೆರಿಕ ಮತ್ತು ಜಪಾನ್‌ನಲ್ಲಿ ಮ್ಯೂ-ಲಾ, ಉಳಿದ ಬಹುತೇಕ ಕಡೆ ಎ-ಲಾ. ಜಿ.722 ಕೇಳಲು ಚೆನ್ನಾಗಿರುತ್ತದೆ, ಒಳಗಿನ ಫೋನುಗಳ ನಡುವೆ ಇಟ್ಟುಕೊಳ್ಳಿ, ಕರೆ ಮಾಮೂಲಿ ಫೋನ್ ಜಾಲಕ್ಕೆ ಹೋದ ಮೇಲೆ ಅದರ ಲಾಭ ಉಳಿಯುವುದಿಲ್ಲ. ಜಿ.729ರಲ್ಲಿ ಮಾತು 8 ಕೆಬಿಪಿಎಸ್‌ಗೆ ಇಳಿಯುತ್ತದೆ ನಿಜ, ಧ್ವನಿಯೂ ಇಳಿಯುತ್ತದೆ. ಇಂಟರ್ನೆಟ್ ತುಂಬ ಕಡಿಮೆ ಇರುವ ಕಡೆ ಬಿಟ್ಟರೆ ನಾನು ಹಾಕುವುದಿಲ್ಲ. ಡಿಟಿಎಂಎಫ್‌ಗೆ ಆರ್‌ಎಫ್‌ಸಿ 4733 ಇಡಿ. ಬ್ಯಾಂಕಿಗೋ ಕಸ್ಟಮರ್ ಕೇರಿಗೋ ಕರೆ ಮಾಡಿ 1 ಒತ್ತಿ, 2 ಒತ್ತಿ ಅಂದಾಗ ಒತ್ತಿದ್ದು ಅವರಿಗೆ ತಲುಪದಿದ್ದರೆ ಎರಡು ಕಡೆಯ ಡಿಟಿಎಂಎಫ್ ವಿಧಾನ ಹೊಂದುತ್ತಿಲ್ಲ ಅಂತ.

ಹೊರಹೋಗುವ ರೂಟ್ ಬರೆಯುವಾಗ ನನ್ನದೊಂದೇ ಕೋರಿಕೆ: ಜನರ ಅಭ್ಯಾಸ ಬದಲಿಸಬೇಡಿ. ಅವರು ಇಷ್ಟು ವರ್ಷ ಹೇಗೆ ಡಯಲ್ ಮಾಡುತ್ತಿದ್ದರೋ ಹಾಗೇ ಮಾಡಲಿ, ಪ್ರೊವೈಡರ್‌ಗೆ ಬೇಕಾದ ರೂಪಕ್ಕೆ ಪಿಬಿಎಕ್ಸ್ ತಿದ್ದಲಿ. ಹೊರಗಿನ ಲೈನಿಗೆ 9 ಅಥವಾ 0 ಒತ್ತುವ ಪದ್ಧತಿ ಇದ್ದರೂ ತುರ್ತು ನಂಬರ್ ಮಾತ್ರ ಅದಿಲ್ಲದೆಯೂ ಹೋಗಬೇಕು, ಅದಕ್ಕೆ ಬೇರೆ ರೂಟ್ ಮಾಡಿ ಎಲ್ಲಕ್ಕಿಂತ ಮೇಲೆ ಇಡಿ. ಗಾಬರಿಯಲ್ಲಿರುವವರಿಗೆ 9 ನೆನಪಾಗುವುದಿಲ್ಲ.

ಒಳಬರುವುದಕ್ಕೆ ಮೊದಲು ಯಾವ ನಂಬರ್ ಬಂದರೂ ಒಂದೇ ಎಕ್ಸ್‌ಟೆನ್ಶನ್‌ಗೆ ಹೋಗುವ ರೂಟ್ ಮಾಡಿ ಒಂದು ಕರೆ ತನ್ನಿ. ಲಾಗ್‌ನಲ್ಲಿ ಪ್ರೊವೈಡರ್ ನಂಬರನ್ನು ಹೇಗೆ ಕಳಿಸಿದ್ದಾರೆ ಅಂತ ನೋಡಿ, ಅದನ್ನು ಅಕ್ಷರ ತಪ್ಪದೆ ಇನ್‌ಬೌಂಡ್ ರೂಟ್‌ನಲ್ಲಿ ಹಾಕಿ. ಮುಂದೆ ಪ್ಲಸ್ ಇದ್ದರೆ ಪ್ಲಸ್ ಕೂಡ. ನಂಬರಿನ ಬದಲು ನಿಮ್ಮ ಯೂಸರ್‌ನೇಮ್ ಬರುತ್ತಿದ್ದರೆ ನಿಜವಾದ ನಂಬರ್ ಟು ಹೆಡರ್‌ನಲ್ಲಿರುತ್ತದೆ, ಆಗ ಕಾಂಟೆಕ್ಸ್ಟ್ ಅನ್ನು ಫ್ರಮ್-ಪಿಎಸ್‌ಟಿಎನ್-ಟುಹೆಡರ್ ಮಾಡಿ.

ಕರೆ ಎಷ್ಟು ಹೊತ್ತಿನ ಮೇಲೆ ಕಡಿಯುತ್ತದೆ ಅಂತ ಗಡಿಯಾರ ನೋಡಿ

"ಒಮ್ಮೊಮ್ಮೆ ಕಟ್ ಆಗುತ್ತದೆ" ಅಂತ ದೂರು ಬಂದರೆ ಮೊದಲು ಕೇಳಬೇಕಾದ್ದು, ಎಷ್ಟು ಹೊತ್ತಿನ ಮೇಲೆ? ಉತ್ತರದಲ್ಲೇ ರೋಗ ಗೊತ್ತಾಗುತ್ತದೆ.

ಎತ್ತಿದ ತಕ್ಷಣ ಮೌನವಾದರೆ ಮೇಲೆ ಹೇಳಿದ ಮಾತಿನ ದಾರಿಯ ತೊಂದರೆ. ಸರಿಯಾಗಿ 32 ಸೆಕೆಂಡಿಗೆ ಕಡಿದರೆ ಚೀಟಿಯ ತೊಂದರೆ. ನೀವು ಫೋನ್ ಎತ್ತಿದಾಗ ಪಿಬಿಎಕ್ಸ್ 200 ಓಕೆ ಕಳಿಸುತ್ತದೆ, ಆ ಕಡೆಯಿಂದ ಸಿಕ್ಕಿತು ಅಂತ ಒಂದು ಎಸಿಕೆ ಬರಬೇಕು. ಚೀಟಿಯ ಕಾಂಟ್ಯಾಕ್ಟ್ ಸಾಲಿನಲ್ಲಿ ಒಳಗಿನ ಐಪಿ ಇದ್ದರೆ ಎಸಿಕೆ ಎಲ್ಲಿಗೋ ಹೋಗುತ್ತದೆ. ಪಿಬಿಎಕ್ಸ್ ಮತ್ತೆ ಮತ್ತೆ ಕಳಿಸಿ ನೋಡುತ್ತದೆ, ಸಿಪ್ ನಿಯಮದ ಪ್ರಕಾರ ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್ ಕಾದು ಕೈಬಿಡುತ್ತದೆ. ಇಬ್ಬರೂ ಚೆನ್ನಾಗಿ ಮಾತಾಡುತ್ತಿರುವಾಗಲೇ ಕರೆ ಸಾಯುವುದು ಹೀಗೆ. 15 ನಿಮಿಷಕ್ಕೋ ಅರ್ಧ ಗಂಟೆಗೋ ಕಡಿದರೆ ಸೆಷನ್ ಟೈಮರ್ ಅನ್ನು ಅನುಮಾನಿಸಿ. ಅದರ ಮಾಮೂಲಿ ಅವಧಿ 1800 ಸೆಕೆಂಡ್, ಅರ್ಧ ದಾರಿಯಲ್ಲಿ ಒಂದು ಕಡೆಯವರು "ಇನ್ನೂ ಇದ್ದೀರಾ" ಅಂತ ಕೇಳುತ್ತಾರೆ. ಆ ಪ್ರಶ್ನೆಯೋ ಉತ್ತರವೋ ಫೈರ್‌ವಾಲ್‌ನಲ್ಲಿ ಸಿಕ್ಕಿಕೊಂಡಿರುತ್ತದೆ.

ಹೀಗಾಗಿಯೇ ಪರೀಕ್ಷೆ ಮಾಡುವಾಗ "ಹಲೋ, ಕೇಳ್ತಿದೆಯಾ, ಸರಿ" ಅಂತ ಫೋನ್ ಇಟ್ಟುಬಿಡಬೇಡಿ. ಒಂದು ಕರೆಯನ್ನಾದರೂ 35 ನಿಮಿಷ ನಡೆಸಿ ನೋಡಿ. ಒಳಗೆ ಬಂದದ್ದನ್ನು ಹೋಲ್ಡ್ ಮಾಡಿ, ಟ್ರಾನ್ಸ್‌ಫರ್ ಮಾಡಿ, ಮೊಬೈಲಿಗೆ ಫಾರ್ವರ್ಡ್ ಮಾಡಿ. ಎರಡು ಕಡೆಯಿಂದಲೂ ಫೋನ್ ಇಟ್ಟು ನೋಡಿ. ಚಾನೆಲ್ ಮಿತಿ ತುಂಬುವಷ್ಟು ಕರೆ ಒಟ್ಟಿಗೆ ಮಾಡಿ, ಮಿತಿ ದಾಟಿದಾಗ ಹೊರಗಿನವರಿಗೆ ಏನು ಕೇಳುತ್ತದೆ ಅಂತಲೂ ನೋಡಿ.

ನೋಡಲು ಅತ್ಯುತ್ತಮ ಸಾಧನ ಎಸ್‌ಎನ್‌ಗ್ರೆಪ್. ಪಿಬಿಎಕ್ಸ್‌ನ ಕಮಾಂಡ್ ಪರದೆಯಲ್ಲಿ ಓಡುತ್ತದೆ, ಒಂದೊಂದು ಕರೆಯ ಚೀಟಿಗಳು ಯಾವ ಕಡೆಯಿಂದ ಯಾವ ಕಡೆಗೆ ಹೋದವು ಅಂತ ಬಾಣ ಹಾಕಿ ತೋರಿಸುತ್ತದೆ. ಕರೆ ಶುರುಮಾಡುವ ಇನ್ವೈಟ್ ಚೀಟಿ ಬಿಚ್ಚಿ, ಕೆಳಗೆ ಸಿ ಅಕ್ಷರದಿಂದ ಶುರುವಾಗುವ ಸಾಲು ನೋಡಿ. ನೀವು ಕಳಿಸಿದ್ದರಲ್ಲಿ 192.168 ಕಂಡರೆ ಕಳ್ಳ ಸಿಕ್ಕಂತೆ. ಉತ್ತರದ ಸಂಖ್ಯೆಗಳೂ ಮಾತಾಡುತ್ತವೆ. 401 ಒಮ್ಮೆ ಬಂದರೆ ಅದು ಪಾಸ್‌ವರ್ಡ್ ಕೇಳುವ ಮಾಮೂಲಿ ಕ್ರಮ, ಮತ್ತೆ ಮತ್ತೆ ಬಂದರೆ ಪಾಸ್‌ವರ್ಡ್ ತಪ್ಪು. 403 ಬಂದರೆ ಅವರು ಬೇಡ ಅಂದಿದ್ದಾರೆ, ಹೆಚ್ಚಾಗಿ ನೀವು ತೋರಿಸುತ್ತಿರುವ ಕಾಲರ್ ಐಡಿ ನಿಮ್ಮ ನಂಬರ್ ಆಗಿರುವುದಿಲ್ಲ. 404 ನಂಬರಿನ ರೂಪ ತಪ್ಪಿದಾಗ, 488 ಕೋಡೆಕ್ ಹೊಂದದಿದ್ದಾಗ, 408 ಆ ಕಡೆಯಿಂದ ಉತ್ತರವೇ ಬರದಿದ್ದಾಗ. 503 ಬಂದರೆ ಚಾನೆಲ್ ತುಂಬಿರಬಹುದು, ಇಲ್ಲ ಅವರ ಕಡೆಯೇ ಏನೋ ಆಗಿರಬಹುದು.

ಕಳ್ಳ ಕರೆಗಳು

ನಾನು ನೋಡಿಕೊಳ್ಳುತ್ತಿದ್ದ ಒಂದು ಆಫೀಸಿನಲ್ಲಿ, ಮನೆಯಿಂದ ಕೆಲಸ ಮಾಡುವ ಒಬ್ಬರಿಗೆ ಅನುಕೂಲವಾಗಲಿ ಅಂತ 5060 ಅನ್ನು ಹೊರಗೆ ತೆರೆದಿದ್ದೆವು. ಎಲ್ಲ ಎಕ್ಸ್‌ಟೆನ್ಶನ್‌ಗೂ ಒಳ್ಳೆಯ ಪಾಸ್‌ವರ್ಡ್ ಇತ್ತು. ಪರೀಕ್ಷೆಗೆ ಮಾಡಿದ್ದ ಒಂದಕ್ಕೆ ಮಾತ್ರ ಎಕ್ಸ್‌ಟೆನ್ಶನ್ ನಂಬರೇ ಪಾಸ್‌ವರ್ಡ್ ಆಗಿ ಉಳಿದಿತ್ತು. ಶನಿವಾರ ರಾತ್ರಿ ಯಾರೋ ಒಳಗೆ ಬಂದರು. ಸೋಮವಾರ ಬೆಳಗ್ಗೆ ಕಾಲ್ ರೆಕಾರ್ಡ್ ತೆರೆದಾಗ, ನಾವು ಯಾರೂ ಹೆಸರೇ ಕೇಳದ ನಂಬರುಗಳಿಗೆ ಹೋದ ವಿದೇಶಿ ಕರೆಗಳು ಪುಟಗಟ್ಟಲೆ ಇದ್ದವು. ಬಿಲ್ ನಮ್ಮ ತಲೆಗೇ ಬಂತು, ಬರಬೇಕಾದ್ದೂ ಹೌದು, ಲೈನ್ ನಮ್ಮದು. ಆವತ್ತಿನಿಂದ ಈ ಭಾಗವನ್ನು ನಾನು ಟ್ರಂಕ್ ಮಾಡುವ ಮುಂಚೆಯೇ ಮುಗಿಸುತ್ತೇನೆ.

5060 ತೆರೆದಿಟ್ಟ ಯಂತ್ರವನ್ನು ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಲಾಗ್‌ನಲ್ಲಿ ಫ್ರೆಂಡ್ಲಿ-ಸ್ಕ್ಯಾನರ್ ಅನ್ನುವ ಹೆಸರು ಕಂಡರೆ ಅದು ನಿಮ್ಮ ಬಾಗಿಲು ತಟ್ಟಿ ನೋಡುತ್ತಿರುವ ಅಂಥದ್ದೇ ಒಂದು. ಹೊರಗಿನಿಂದ ಬಳಸುವವರನ್ನು ವಿಪಿಎನ್ ಮೂಲಕ ಬರಿಸಿ. ಪಿಬಿಎಕ್ಸ್ ತಾನಾಗಿ ಹುಟ್ಟಿಸುವ ಉದ್ದನೆಯ ಪಾಸ್‌ವರ್ಡನ್ನೇ ಇಟ್ಟುಕೊಳ್ಳಿ, ಅದನ್ನು ಯಾರೂ ನೆನಪಿಡಬೇಕಾಗಿಲ್ಲ, ಫೋನಿಗೆ ಒಮ್ಮೆ ಹಾಕಿದರೆ ಮುಗಿಯಿತು. ಅನಾಮಧೇಯ ಸಿಪ್ ಕರೆಗಳಿಗೆ ನೋ ಇರಲಿ. ತಪ್ಪು ಪಾಸ್‌ವರ್ಡ್ ಹಾಕುತ್ತಲೇ ಇರುವ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಓಡುತ್ತಿರಲಿ. ವಿದೇಶಿ ಕರೆ ಬೇಕಿಲ್ಲದಿದ್ದರೆ ಪಿಬಿಎಕ್ಸ್‌ನಲ್ಲೂ ತೆಗೆಯಿರಿ, ಪ್ರೊವೈಡರ್ ಹತ್ತಿರವೂ ಮುಚ್ಚಿಸಿ. ಎರಡೂ ಕಡೆ ಯಾಕೆ ಅಂದರೆ, ಪಿಬಿಎಕ್ಸ್ ಒಳಗೆ ಬಂದವರಿಗೆ ಪಿಬಿಎಕ್ಸ್‌ನ ಬೀಗ ತೆಗೆಯುವುದು ಕಷ್ಟವಲ್ಲ. ದಿನದ ಖರ್ಚಿಗೆ ಮಿತಿ ಹಾಕಿಸಿ.

ಕರೆಂಟ್ ಹೋದಾಗ, ಇಂಟರ್ನೆಟ್ ಹೋದಾಗ

ತಂತಿ ಫೋನಿಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತಿತ್ತು, ಕಟ್ಟಡವೆಲ್ಲ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ಈಗ ಮೋಡೆಮ್, ರೂಟರ್, ಸ್ವಿಚ್, ಪಿಬಿಎಕ್ಸ್ ನಾಲ್ಕಕ್ಕೂ ಯುಪಿಎಸ್ ಬೇಕು. ಮೇಜಿನ ಫೋನುಗಳಿಗೆ ನೆಟ್‌ವರ್ಕ್ ತಂತಿಯಲ್ಲೇ ಕರೆಂಟ್ ಕಳಿಸುವ ಪಿಒಇ ಸ್ವಿಚ್ ಹಾಕಿದರೆ ಅವೂ ಅದೇ ಯುಪಿಎಸ್ ಮೇಲೆ ನಡೆಯುತ್ತವೆ.

ಇಂಟರ್ನೆಟ್ ಹೋದರೆ ನಿಮ್ಮ ಪಿಬಿಎಕ್ಸ್‌ನಲ್ಲಿ ಎಂಥ ಜಾಣ ಫಾರ್ವರ್ಡ್ ಬರೆದಿದ್ದರೂ ಉಪಯೋಗವಿಲ್ಲ, ಕರೆ ಅಲ್ಲಿಯವರೆಗೆ ಬರುವುದೇ ಇಲ್ಲ. ಟ್ರಂಕ್ ಸಿಗದಿದ್ದರೆ ಇಂಥ ಮೊಬೈಲಿಗೆ ಕಳಿಸಿ ಅನ್ನುವುದನ್ನು ಪ್ರೊವೈಡರ್ ಕಡೆಯೇ ಹಾಕಿಸಬೇಕು. ಹಾಕಿಸಿ, ರೂಟರಿನ ತಂತಿ ಕಿತ್ತು, ನಿಜವಾಗಿ ಹೋಗುತ್ತದಾ ಅಂತ ಕರೆ ಮಾಡಿ ನೋಡಿ. ಇಂಟರ್ನೆಟ್ ಲೈನಿನಲ್ಲಿ ಫ್ಯಾಕ್ಸ್ ಕಳಿಸಲು ಟಿ.38 ಅನ್ನುವ ವಿಧಾನ ಇದೆ, ನಡೆದರೆ ಒಳ್ಳೆಯದು, ನಾನು ಅದರ ಮೇಲೆ ಭರವಸೆ ಇಡುವುದಿಲ್ಲ. ಲಿಫ್ಟ್ ಒಳಗಿನ ಫೋನ್, ಬೆಂಕಿಯ ಅಲಾರಂ ಇವು ಹಳೆಯ ಲೈನಿನಲ್ಲಿದ್ದರೆ, ಅವನ್ನು ನೋಡಿಕೊಳ್ಳುವವರನ್ನು ಕೇಳದೆ ಕೈ ಹಾಕಬೇಡಿ.

ಹಳೆಯ ನಂಬರ್ ಕೊನೆಗೆ

ಹಳೆಯ ನಂಬರನ್ನು ಹೊಸ ಲೈನಿಗೆ ಪೋರ್ಟ್ ಮಾಡಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಮೊದಲು ಪ್ರೊವೈಡರ್ ಹತ್ತಿರ ಒಂದು ಹೊಸ ನಂಬರ್ ತೆಗೆದುಕೊಂಡು ಮೇಲಿನದೆಲ್ಲ ಅದರಲ್ಲಿ ಮಾಡಿ. ಆಮೇಲೆ ಹಳೆಯ ಲೈನಿನಿಂದ ಹೊಸದಕ್ಕೆ ಫಾರ್ವರ್ಡ್ ಹಾಕಿ, ಎರಡು ವಾರ ನಿಜವಾದ ಗಿರಾಕಿಗಳ ಕರೆ ಇದರ ಮೇಲೆ ನಡೆಯಲಿ. ಏನಾದರೂ ಕೆಟ್ಟರೆ ಫಾರ್ವರ್ಡ್ ತೆಗೆದರಾಯಿತು, ಎಲ್ಲ ಮೊದಲಿನಂತೆ. ಪೋರ್ಟ್ ಅರ್ಜಿಯಲ್ಲಿ ಹೆಸರು, ವಿಳಾಸ ಹಳೆಯ ಬಿಲ್ಲಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಆ ಬಿಲ್ಲಿನ ಪ್ರತಿಯನ್ನು ಹತ್ತಿರವೇ ಇಟ್ಟುಕೊಳ್ಳಿ. ಪೋರ್ಟ್ ಮುಗಿಯುವವರೆಗೆ ಹಳೆಯ ಲೈನ್ ಕ್ಯಾನ್ಸಲ್ ಮಾಡಬೇಡಿ. ಖರ್ಚು ಉಳಿಯಲಿ ಅಂತ ಮುಂಚೆಯೇ ನಿಲ್ಲಿಸಿದರೆ ನಂಬರ್ ನಿಮ್ಮ ಕೈಯಿಂದ ಹೋಗುತ್ತದೆ, ಅದನ್ನು ಮತ್ತೆ ಪಡೆಯುವುದು ಬಲು ಕಷ್ಟ.

ಪೋರ್ಟ್ ಆದ ದಿನ ಬೇರೆ ಬೇರೆ ಮೊಬೈಲ್ ಕಂಪನಿಗಳ ನಂಬರಿನಿಂದ, ಒಂದು ತಂತಿ ಫೋನಿನಿಂದ, ಸಾಧ್ಯವಾದರೆ ಬೇರೆ ದೇಶದಿಂದಲೂ ಕರೆ ಮಾಡಿಸಿ ನೋಡಿ. ಎಲ್ಲ ಜಾಲಗಳಿಗೂ ಬದಲಾವಣೆ ಒಂದೇ ಗಳಿಗೆಯಲ್ಲಿ ತಲುಪುವುದಿಲ್ಲ, ಒಂದು ಕಡೆಯಿಂದ ಬರುತ್ತದೆ, ಇನ್ನೊಂದು ಕಡೆಯಿಂದ ಹಳೆಯ ಲೈನಿಗೇ ಹೋಗುತ್ತಿರುತ್ತದೆ. ಹಾಗಾಗಿ ಆವತ್ತು ಹಳೆಯ ಲೈನಿನ ತುದಿಯಲ್ಲಿ ಒಂದು ಮಾಮೂಲಿ ಫೋನ್ ಸಿಕ್ಕಿಸಿ ಯಾರಾದರೊಬ್ಬರನ್ನು ಅದರ ಹತ್ತಿರ ಕೂರಿಸಿ. ಅದು ರಿಂಗ್ ಆಗುವುದು ನಿಂತ ಮೇಲೆ ತಂತಿ ತೆಗೆಯಿರಿ.